ನಾಲ್ಕನೆಯ ಅಂಗಡಿ

ಜಗಳಕ್ಕೇ ಬಂದಿದ್ದಾನೆ ಎಂದುಕೊಂಡಳು ನರ್ಸ್. ಸುರುಳಿ ಸುತ್ತಿದ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಲ್ಲುವವರು ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ.

‘ನಮ್ಮ ಬೀದಿ’ ನಾಲ್ಕು ಪುಟದ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಸಂಪಾದಕರು ನಿವೃತ್ತ ಮೇಷ್ಟ್ರು, ಅವರ ಮನೆಯ ಕಾರ್ ಶೆಡ್ಡೇ ಆಫೀಸು. ಬರೆಯುವವರು, ಹಂಚುವವರು ಎಲ್ಲರೂ ತಂತಮ್ಮ ಕೆಲಸ ಮುಗಿಸಿಕೊಂಡು ಬರುವವರು. ಸಂಬಳ ಯಾರಿಗೂ ಇಲ್ಲ. ಕಸ, ನೀರು, ಕೆಟ್ಟ ಬೀದಿದೀಪ ಇವೇ ಸುದ್ದಿ, ಬೈಗುಳವೇ ಬಹುಮಾನ. ಕ್ಲಿನಿಕ್ಕಿನಿಂದ ನೇರ ಅಲ್ಲಿಗೆ ಬಂದು ನರ್ಸ್ ಮುಖಪುಟ ಬರೆಯುತ್ತಿದ್ದಳು.

ಬಂದವನು ಮುಖ್ಯರಸ್ತೆಯ ಕನ್ನಡಕದಂಗಡಿಯವನು. ಪತ್ರಿಕೆ ಬಿಡಿಸಿ ತಲೆಬರಹದ ಮೇಲೆ ಬೆರಳಿಟ್ಟ.

“ಚರಂಡಿಯ ಹೋಳು ತೆಗೆಯಿರಿ ಅಂತ ಬರೆದಿದ್ದೀರಿ. ಚರಂಡಿ ಏನು ಕಲ್ಲಂಗಡಿ ಹಣ್ಣಾ?”

ಹೂಳು ಹೋಗಿ ಹೋಳಾಗಿತ್ತು. ನಗು ತಡೆಯಲು ಅವಳು ತುಟಿ ಕಚ್ಚಿದಳು. ಅವನು ಅದನ್ನು ಕಂಡ. ಕಂಡನೆಂದು ಅವಳಿಗೂ ಗೊತ್ತಾಯಿತು.

“ಅಂಗಡಿಗೆ ಬನ್ನಿ, ಕಣ್ಣು ನೋಡ್ತೀನಿ,” ಎಂದು ಹೇಳಿ ಹೋದ.

ಅವಳು ಹೋದಳು. ಮಬ್ಬು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಭಾರದ ಫ್ರೇಮನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸಿದ. ಅವನ ಬೆರಳು ಕಿವಿಯ ಬಳಿ ಸುಳಿದಾಗಲೆಲ್ಲ ಅವಳು ಉಸಿರು ಹಿಡಿದಳು. ದಿನವಿಡೀ ಬೇರೆಯವರ ನಾಡಿ ನೋಡುವವಳಿಗೆ ಅಂದು ತನ್ನದೇ ನಾಡಿ ಕೇಳಿಸಿತು. ಇದು ಚೆನ್ನಾಗಿ ಕಾಣುತ್ತಾ, ಅದಾ ಎಂದು ಅವನು ಕೇಳುತ್ತಲೇ ಇದ್ದ. ಕೊನೆಗೆ ಅವಳು ಗೋಡೆಯ ಅಕ್ಷರ ಬಿಟ್ಟು ಅವನನ್ನೇ ನೋಡಿದಳು.

“ಓದಬೇಕಾದ್ದು ಗೋಡೆ ಮೇಲಿದೆ,” ಎಂದ, ತಾನೂ ಕಣ್ಣು ತೆಗೆಯದೆ.

ಹಿಂದಿನ ಕೋಣೆಯಲ್ಲಿ ಅವನ ಅಮ್ಮ ಬೇಕೆಂದೇ ಕೆಮ್ಮಿದಳು. ತಾಯಿಮಗ ಇದ್ದದ್ದು ಅಲ್ಲೇ. ತೀರಿಹೋದ ಅಪ್ಪ ಕಟ್ಟಿಸಿದ ಅಂಗಡಿ ಅದು.

ಅಂದಿನಿಂದ ಪತ್ರಿಕೆಯ ಕರಡು ತಿದ್ದುವ ಕೆಲಸ ಅವನದಾಯಿತು. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಅವನು ಮಾತ್ರ ಏನೂ ಕರೆಯದೆ, ಎದುರಿಗೆ ಬಂದು ನಿಂತು ಮಾತಾಡುತ್ತಿದ್ದ. ಯಾಕೆಂದು ಒಮ್ಮೆ ಅವಳು ಕೆಣಕಿದಳು.

“ಯಾರು ಬೇಕಾದ್ರೂ ಸಿಸ್ಟರ್ ಅನ್ಲಿ. ನನ್ನ ಬಾಯಲ್ಲಿ ಮಾತ್ರ ಆ ಮಾತು ಬರಿಸಬೇಡಿ,” ಎಂದು ಕರಡಿನಲ್ಲಿ ಮುಖ ಹುದುಗಿಸಿದ. ಕಿವಿ ಕೆಂಪಾಗಿತ್ತು. ಅದಕ್ಕಿಂತ ಹೆಚ್ಚು ಅವರು ಆಡಿರಲಿಲ್ಲ.

ಆಮೇಲೆ ಮಳೆ ಬಂತು. ನಡುಹಗಲಲ್ಲೇ ತಗ್ಗಿನ ಓಣಿಗೆ ನೀರು ನುಗ್ಗಿತು. ಅಲ್ಲಿ ತಳ್ಳುಗಾಡಿಯವನ ಹೆಂಡತಿ ಲಕ್ವ ಹೊಡೆದು ಮಲಗಿದಲ್ಲೇ ಇದ್ದಳು. ಅವಳ ಬೆನ್ನಿನ ಹುಣ್ಣಿಗೆ ಬ್ಯಾಂಡೇಜು ಕಟ್ಟುತ್ತಿದ್ದವಳು ನರ್ಸೇ. ಗಂಡ ವ್ಯಾಪಾರಕ್ಕೆ ಹೋಗಿದ್ದಾಗ ನೀರು ಮಂಚಕ್ಕೇರಿತು. ಅಕ್ಕಪಕ್ಕದವರು ಈಜಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀರಿಳಿದ ಮೇಲೆ ನರ್ಸ್ ಹೋದಾಗ ಗಂಡ ಆ ಬ್ಯಾಂಡೇಜಿನ ಬಟ್ಟೆಯ ಕೆಸರು ತೊಳೆದು ತಂತಿಯ ಮೇಲೆ ಒಣಗಹಾಕುತ್ತಿದ್ದ. ಇನ್ಯಾರಿಗೆ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ನೀರು ಹರಿದುಹೋಗದೆ ನಿಂತದ್ದೇಕೆ? ಮೇಷ್ಟ್ರೂ ಅವಳೂ ಚರಂಡಿಯ ಜಾಡು ಹಿಡಿದು ಹೊರಟರು. ಮುಖ್ಯರಸ್ತೆಯಲ್ಲಿ ಚರಂಡಿ ಕಾಣೆಯಾಗುತ್ತಿತ್ತು. ಅದರ ಮೇಲೆ ಕಾಂಕ್ರೀಟ್ ಹಾಸಿ ಅಂಗಡಿ ಕಟ್ಟಿದ್ದರು. ಮೇಷ್ಟ್ರಿಗೆ ಮಂಡಿನೋವು, ಅವಳೇ ಟಾರ್ಚ್ ಹಿಡಿದು ಕೆಳಗಿಳಿದಳು. ನಾಲ್ಕು ಅಂಗಡಿಗಳ ಕಂಬಗಳೂ ನೀರಿನ ದಾರಿಯ ನಟ್ಟನಡುವೆ ನಿಂತಿದ್ದವು. ಕಸ ಸಿಕ್ಕಿಕೊಂಡು ಗೋಡೆಯೇ ಎದ್ದಿತ್ತು. ನಾಲ್ಕನೆಯದು ಕನ್ನಡಕದಂಗಡಿ.

ಮೇಲೆ ಬಂದಾಗ ಎಷ್ಟು ಅಂಗಡಿ ಎಂದು ಮೇಷ್ಟ್ರು ಕೇಳಿದರು. ಮೂರು ಎಂದಳು.

ಕರಡನ್ನು ತಾನೇ ಒಯ್ದು ಅವನ ಮುಂದಿಟ್ಟಳು. ಅವನು ಪೆನ್ಸಿಲ್ ಹಿಡಿದು ಓದಿದ, ಒಂದೆರಡು ಒತ್ತಕ್ಷರ ತಿದ್ದಿದ. ಮೂರನೆಯ ಅಂಗಡಿಯ ಹೆಸರಿನ ಮುಂದೆ ಪೆನ್ಸಿಲ್ ನಿಂತಿತು.

“ಇಲ್ಲೊಂದು ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ. ಬಿಟ್ಟಿದ್ದೀನಿ.”

ಅವನು ತಲೆಯೆತ್ತಿದ. ಎಷ್ಟು ದಿನಗಳಿಂದ ಅವಳು ಕಾದಿದ್ದ ನೋಟ ಅದು, ಬರಬಾರದ ಹೊತ್ತಿನಲ್ಲಿ ಬಂದಿತ್ತು. ಅವಳು ಕಣ್ಣು ತಗ್ಗಿಸಿದಳು.

“ಹೀಗೇ ಅಚ್ಚಾದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡೋಕಾಗಲ್ಲ,” ಎಂದ ಮೆಲ್ಲಗೆ. ಆಮೇಲೆ ತನ್ನ ಅಂಗಡಿಯ ಹೆಸರನ್ನು ತಾನೇ ಬರೆದ. ಅಕ್ಷರ ಎಂದಿನಂತೆ ದುಂಡಗಿತ್ತು.

ಪತ್ರಿಕೆ ಬಂತು. ಸಾವಾಗಿದ್ದರಿಂದ ನಗರಸಭೆಯವರಿಗೂ ಸುಮ್ಮನಿರಲಾಗಲಿಲ್ಲ. ಬುಲ್ಡೋಜರ್ ಬಂದ ದಿನ ಅವನು ಗಾಜುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಹೊರಗಿಟ್ಟ. ಅಮ್ಮ ಏಳಲೊಲ್ಲದೆ ಕೂತಳು. ಮಗ ಕುರ್ಚಿಯ ಸಮೇತ ಎತ್ತಿ ತಂದು ರಸ್ತೆಯಲ್ಲಿಳಿಸಿದ. ನೆರವಾಗಲು ಹೋದ ನರ್ಸಿನ ಕೈಯನ್ನು ಅಮ್ಮ ತಳ್ಳಿಹಾಕಿದಳು.

“ಮನೆಮುರುಕಿ,” ಎಂದಳು. ಬೈಗುಳವೆಂದು ಎಷ್ಟೋ ಸಲ ಕೇಳಿದ ಮಾತು. ಅಂದು ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಗೋಡೆ ಅವರ ಕಣ್ಣೆದುರೇ ಬಿತ್ತು.

ಅವನು ದೂರದ ಒಂದು ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ಹಳೆಯದೊಂದು ಕಟ್ಟಡದ ಮಹಡಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದ. ಶೆಡ್ಡಿನ ಕಡೆ ಬರಲಿಲ್ಲ. ನರ್ಸ್ ಬರೆಯುತ್ತಲೇ ಇದ್ದಳು. ತಪ್ಪುಗಳು ತಪ್ಪುಗಳಾಗಿಯೇ ಅಚ್ಚಾದವು. ಯಾರೂ ಬಂದು ಕೇಳಲಿಲ್ಲ.

ಮರುವರ್ಷ ಮಳೆ ಬಂದಾಗ ಓಣಿಗೆ ಮತ್ತೆ ನೀರು ನುಗ್ಗಿತು.

ಈ ಸಲ ಜೀವ ಹೋಗಲಿಲ್ಲ, ಅಷ್ಟೇ. ಮೇಷ್ಟ್ರು ಕೋಲೂರಿಕೊಂಡು ಇನ್ನೂ ಮುಂದಕ್ಕೆ ನಡೆದು ನೋಡಿ ಬಂದರು. ಅಲ್ಲಿ ಚರಂಡಿಯ ಮೇಲೆ ಹೊಸ ಶಾಪಿಂಗ್ ಕಾಂಪ್ಲೆಕ್ಸ್ ಎದ್ದಿತ್ತು. ದೊಡ್ಡವರದ್ದು. ಬುಲ್ಡೋಜರ್ ಅದರ ನೆರಳನ್ನೂ ಮುಟ್ಟಿರಲಿಲ್ಲ.

ಶೆಡ್ಡಿನೊಳಗೆ ಪಾದ ಮುಳುಗುವಷ್ಟು ನೀರು. ಒದ್ದೆಯಾದ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುತ್ತಿದ್ದ ನರ್ಸಿಗೆ ಬಾಗಿಲಲ್ಲಿ ಯಾರೋ ನಿಂತದ್ದು ತಿಳಿಯಿತು. ಅವನೇ. ಪ್ಯಾಂಟು ಮಂಡಿಯವರೆಗೆ ಮಡಚಿದ್ದ, ಸೊರಗಿಹೋಗಿದ್ದ. ಅವಳು ಬೆನ್ನು ತಿರುಗಿಸಿಯೇ ಹೇಳಿದಳು, ನಿಮ್ಮ ಅಂಗಡಿಯನ್ನು ಹಾಳು ಮಾಡಿದೆ, ಯಾರಿಗೂ ಉಪಕಾರವಾಗಲಿಲ್ಲ ಎಂದು. ಹೇಳುತ್ತ ಅತ್ತಳು.

ಅವನು ನೀರಿನಲ್ಲೇ ನಡೆದು ಬಂದು, ಇನ್ನೊಂದು ಒದ್ದೆ ಪತ್ರಿಕೆ ಬಿಡಿಸಿ ಮೇಜಿನ ಮೇಲೆ ಹರಡಿದ.

“ನಿಮ್ಮನ್ನ ಕಂಡ್ರೆ ಅಂಗಡಿ ನೆನಪಾಗುತ್ತೆ. ಸುಳ್ಳು ಹೇಳಲ್ಲ. ಕಾಣದೆ ಇದ್ರೂ ನೆನಪಾಗುತ್ತೆ. ಹಾಗಿದ್ಮೇಲೆ ಕಾಣ್ತಾನೇ ಇರೋಣ ಅನ್ನಿಸ್ತು.”

ಅವಳು ತಿರುಗಿದಳು.

“ಮದುವೆ ಆಗೋಣ್ವಾ? ಅಮ್ಮ ನಿಮ್ಮನ್ನ ಕ್ಷಮಿಸಲ್ಲ. ಅದು ಗೊತ್ತಿದ್ದೇ ಹೇಳಿ.”

ಅವಳ ಕೈಯಲ್ಲಿ ಹಸಿ ಕಾಗದವಿತ್ತು, ಅದರ ಸಮೇತ ಅವನ ಕೈ ಹಿಡಿದಳು. ಇಬ್ಬರ ಅಂಗೈಗೂ ಮಸಿ ಹತ್ತಿತು. ಈಗಲೇ ಹೋಗಿ ಹೇಳೋಣ ಎಂದಳು.

ಮಳೆಯಲ್ಲೇ ನಡೆದು, ಕಿರಿದಾದ ಮೆಟ್ಟಿಲು ಹತ್ತಿ ಹೋದರು. ಅವನು ಒಳಗೆ ಹೋದ. ಅವಳು ಹೊಸ್ತಿಲಾಚೆ ನಿಂತಳು. ಮಂಚದ ಮೇಲಿದ್ದ ಅಮ್ಮ ಅವಳನ್ನು ನೋಡಿ ಮುಖ ತಿರುಗಿಸಿ, ಮಗನನ್ನು ಕೇಳಿದಳು:

“ಓಣಿಗೆ ಮತ್ತೆ ನೀರು ಬಂತಂತೆ?”

“ಬಂತು.”

“ಹಾಗಾದ್ರೆ ನಿಮ್ಮಪ್ಪ ಕಟ್ಟಿಸಿದ್ದು ಸುಮ್ಮನೆ ಹೋಯ್ತು.”

ಹೊಸ್ತಿಲಿನಿಂದ ನರ್ಸ್ ಹೇಳಿದಳು, “ಸುಮ್ಮನೆ ಹೋಗೋಕೆ ನಾವು ಬಿಡಲ್ಲ ಅಮ್ಮ. ಆ ಕಾಂಪ್ಲೆಕ್ಸ್ ಬಗ್ಗೆನೂ ಬರೀತೀವಿ.”

“ಅಮ್ಮ ಅನ್ನಬೇಡ ನನ್ನ.”

ಮಳೆ ಜೋರಾಯಿತು. ಗಾಳಿಗೆ ಎರಚಲು ಮಂಚದವರೆಗೂ ಹೊಡೆಯಿತು. ಮುದುಕಿ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಮಗ್ಗುಲಾದಳು.

“ಬಾಗಿಲು ಹಾಕು,” ಎಂದಳು. “ಚಳಿ ಹೊಡೀತಿದೆ.”

ಹೊರಗಿನಿಂದ ಹಾಕಬೇಕೋ ಒಳಗಿನಿಂದಲೋ, ಹೇಳಲಿಲ್ಲ. ಅವನು ನರ್ಸನ್ನು ನೋಡಿದ. ಅವಳು ಸೀರೆಯ ಅಂಚು ಹಿಂಡಿ, ಒಳಗೆ ಬಂದು, ಬಾಗಿಲು ಹಾಕಿದಳು.