ಗಡಿಯಾರದವರ ಐದು ನಿಮಿಷ

"ನನ್ನ ಕಿವಿ ಏನು ನಿಮ್ಮ ಅಂಗಡಿಗೆ ರಿಪೇರಿಗೆ ಬಂದ ಗಡಿಯಾರಾನಾ?"

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಎಷ್ಟು ಜೋರಾಗಿ ಕೇಳಿದೆನೆಂದರೆ, ಎದುರಿದ್ದ ಅಜ್ಜಿ ತಮ್ಮ ಕೆಮ್ಮನ್ನೇ ನಿಲ್ಲಿಸಿ ನೋಡಿದರು. ನನ್ನ ಗಂಡ ತಲೆ ತಗ್ಗಿಸಿದರು.

ನಾನು ಮಕ್ಕಳಿಗೆ ಈಜು ಕಲಿಸುವವಳು. ಆರು ತಿಂಗಳ ಬಸುರಿಯಾದರೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಲಿಸುತ್ತಿದ್ದೆ. ಹೋದ ವಾರ ಮಕ್ಕಳು ಎರಚಿದ ನೀರು ಬಲಗಿವಿಗೆ ಹೋಗಿ ತುರಿಕೆ ಶುರುವಾಯಿತು. ಗಡಿಯಾರ ರಿಪೇರಿ ಮಾಡುವ ಇವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದ ತುದಿಗೆ ಹತ್ತಿ ಸುತ್ತಿ, "ಅಲ್ಲಾಡಬೇಡ, ಒಂದೇ ನಿಮಿಷ" ಎಂದರು.

ಒಳಗೆ ಗೀರಿತು. ಮೂರು ದಿನಕ್ಕೆ ಕಿವಿ ಬಾತು, ಅನ್ನ ಅಗಿಯುವುದಕ್ಕೂ ಆಗಲಿಲ್ಲ. ಇವತ್ತು ಬೆಳಗ್ಗೆ ಇವರು ಡ್ರಾಯರ್‌ನಿಂದ ಯಾವುದೋ ಹಳೇ ಡ್ರಾಪ್ಸ್ ಹಿಡಿದು ಬಂದರು. ಕಿತ್ತುಕೊಂಡು ಕಸದಬುಟ್ಟಿಗೆ ಎಸೆದೆ.

"ಹೊಟ್ಟೇಲಿ ಮಗು ಇದೆ. ಯಾವ ಔಷಧೀನೂ ಬೇಡ, ನಿಮ್ಮ ಕೈಯಂತೂ ಬೇಡವೇ ಬೇಡ!"

"ಹಾಗಾದ್ರೆ ಹಲ್ಲು ಕಚ್ಕೊಂಡು ಕೂತಿರು! ಎರಡು ದಿನದಿಂದ ಊಟ ಇಲ್ಲ. ಮಗೂಗೆ ಗಾಳಿ ತಿನ್ನಿಸ್ತೀಯಾ?"

ಇವರು ನನ್ನ ಮೇಲೆ ರೇಗಿದ್ದು ಅದೇ ಮೊದಲು. ಆ ಉರಿಯಲ್ಲೇ ಆಸ್ಪತ್ರೆಗೆ ಬಂದಿದ್ದೆವು.

ಡಾಕ್ಟರಮ್ಮ ನಿಧಾನವಾಗಿ ನೋಡಿ, ಕಿವಿ ಶುಚಿ ಮಾಡಿದರು. "ಹೊರಗಿವಿ ಸೋಂಕು. ಪುಣ್ಯಕ್ಕೆ ಕಿವಿತಮಟೆ ಹರಿದಿಲ್ಲ. ಬಸುರಿಗೆ ಸಲ್ಲೋ ಡ್ರಾಪ್ಸೇ ಬರೆದಿದೀನಿ. ಅದು ಕಿವಿಯಲ್ಲೇ ಕೆಲಸ ಮಾಡುತ್ತೆ, ಮೈಗೆ ಇಳಿಯೋದು ತೀರಾ ಕಡಿಮೆ. ನೋವಿಗೆ ಪ್ಯಾರಾಸಿಟಮಾಲ್, ಅದೂ ನಾನು ಬರೆದಷ್ಟೇ. ಬೇರೆ ನೋವಿನ ಮಾತ್ರೆ, ಎಣ್ಣೆ, ಹಳೇ ಬಾಟಲಿ ಯಾವುದೂ ಮುಟ್ಟಬೇಡಿ. ಕಿವಿಗೆ ನೀರು ತಾಗಬಾರದು. ಜ್ವರ ಬಂದ್ರೆ, ಬಾವು ಹೆಚ್ಚಿದ್ರೆ ತಕ್ಷಣ ಬನ್ನಿ."

ಆಮೇಲೆ ಇವರ ಕಡೆ ತಿರುಗಿದರು. "ಚಿಮಟ ಹಾಕಿದ ಮಹಾನುಭಾವರು ನೀವೇನಾ?"

"ಹೂಂ, ಇವರೇ" ಎಂದೆ ನಾನು, ಉತ್ಸಾಹದಿಂದ.

"ಹಾಗಿದ್ರೆ ಡ್ರಾಪ್ಸೂ ಇವರೇ ಹಾಕ್ಲಿ. ಬಾಟಲೀನ ಅಂಗೈಲಿ ಬೆಚ್ಚಗೆ ಮಾಡಿ. ಹಾಕಿದ ಮೇಲೆ ಐದು ನಿಮಿಷ ಹಾಗೇ ಮಲಗಿರಬೇಕು."

ಮನೆಗೆ ಬಂದು ಇವರ ತೊಡೆಯ ಮೇಲೆ ಎಡಗೆನ್ನೆ ಊರಿ, ಮುಖ ಗೋಡೆಯ ಕಡೆ ಮಾಡಿ ಮಲಗಿದೆ.

"ಮಾತಾಡಿಸಬೇಡಿ."

ಇವರು ಬಾಟಲಿಯನ್ನು ಮುಷ್ಟಿಯಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದರು. ಸಾಸಿವೆಯಷ್ಟು ಸಣ್ಣ ಚಕ್ರಕ್ಕೆ ಎಣ್ಣೆ ತಾಗಿಸುವಾಗಲೂ ಗುರಿ ತಪ್ಪದ ಇವರು, ಒಂದು ಹನಿ ಬಿಡಲು ಮೂರು ಸಲ ಬಾಟಲಿ ಬಾಗಿಸಿ ಹಿಂದೆಳೆದರು.

ಹನಿ ಬೆಚ್ಚಗೆ ಇಳಿಯಿತು.

"ಉರೀತಿದ್ಯಾ?"

"ಕಿವಿ ಅಲ್ಲ. ಮೈಯೆಲ್ಲ."

"ನೀನು ನರಳೋದು ನೋಡೋಕಾಗ್ಲಿಲ್ಲ ಕಣೆ. ನನ್ನ ಕೈಗೆ ಗೊತ್ತಿರೋದು ಅದೊಂದೇ ಕೆಲಸ, ಅದನ್ನೇ ಮಾಡ್ಬಿಟ್ಟೆ. ತಪ್ಪಾಯ್ತು."

ಇವರ ಇನ್ನೊಂದು ಕೈ ನನ್ನ ಕೂದಲಿನಲ್ಲಿತ್ತು. ಅದನ್ನು ನಾನು ತಳ್ಳಲಿಲ್ಲ.

"ಐದು ನಿಮಿಷ ಆಯ್ತಾ?"

"ಇಲ್ಲ, ಇನ್ನೂ ಇದೆ."

ಕಣ್ಣೆದುರಿನ ಗೋಡೆಯ ತುಂಬ ಇವರದೇ ಗಡಿಯಾರಗಳು. ಏಳು. ಏಳೂ ಒಮ್ಮತದಿಂದ ಹೇಳುತ್ತಿದ್ದವು: ಹನಿ ಹಾಕಿ ಹನ್ನೆರಡು ನಿಮಿಷವಾಗಿತ್ತು. ಗಡಿಯಾರ ಅರ್ಧ ನಿಮಿಷ ತಪ್ಪಿದರೆ ಊಟ ಬಿಟ್ಟು ಏಳುವ ಮನುಷ್ಯ!

"ಸುಳ್ಳುಗಾರ" ಎಂದೆ. ತಲೆ ಮಾತ್ರ ಎತ್ತಲಿಲ್ಲ.

ಇವರು ಹೆದರುತ್ತಾ ಕೇಳಿದರು. "ಕೋಪ ಹೋಯ್ತಾ?"

"ಇಲ್ಲ, ಇನ್ನೂ ಇದೆ" ಎಂದೆ, ಇವರದೇ ದನಿಯಲ್ಲಿ.