ಹೊಂಗೆ ಕುಡಿದ ನೀರು

ಹೊಲದ ಬದುವಿನ ಹೊಂಗೆಮರಕ್ಕೆ ಏಣಿ ಹಾಕಿ ಯಾರೋ ಕಡ್ಡಿ ಕತ್ತರಿಸುತ್ತಿದ್ದದ್ದನ್ನು ಕಂಡ ಗಂಗರತ್ನ, ಬುತ್ತಿಯನ್ನು ಅಲ್ಲೇ ಇಟ್ಟು ಓಡಿದಳು.

"ಯಾರ್ರೀ ನೀವು? ಇಳೀರಿ ಕೆಳಕ್ಕೆ!"

ಇಳಿದು ಬಂದವನು ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಯುವಕ. ಕಡ್ಡಿಯನ್ನು ಪುಟ್ಟ ಗಾಜಿನ ಬಾಟ್ಲಿಗೆ ಹಾಕಿ, ಬಿರಡೆ ಒತ್ತಿ, ಮೇಣ ಸವರಿದ. ಆಮೇಲೆಯೇ ಅವಳತ್ತ ನೋಡಿದ್ದು.

"ಕುಪ್ಪುಸ್ವಾಮಿ ಅಂತ. ಊರು ಚಿನ್ನದ ಗಣಿಯ ಉರಿಗಾಂ. ಬೊಂಬಾಯಿಯ ಲ್ಯಾಬಲ್ಲಿ ಕೆಲಸ. ನಿಮ್ಮ ಅಪ್ಪನ್ನ ಕೇಳಿಯೇ ಬಂದೆ, ನೀರಿನ ಪರೀಕ್ಷೆಗೆ."

"ನೀರು ಬಾವೀಲಿರ್ತದೆ. ಮರದ ಮ್ಯಾಲೇನು ಉಡುಕ್ತೀರಿ?"

ಅವನು ನಕ್ಕ. ಆ ನಗುವೇ ಅವಳಿಗೆ ಅನುಮಾನ ಹುಟ್ಟಿಸಿತು. ಗಣಿಯ ಊರಿನವನು, ಮರದ ಬುಡದಲ್ಲಿ ಮಣ್ಣು ತುಂಬಿದ ಬಾಟ್ಲಿಗಳೂ ಇವೆ. ಚಿನ್ನವನ್ನಲ್ಲದೆ ಇನ್ನೇನು ಹುಡುಕುತ್ತಾನೆ? ಸಿಕ್ಕರೆ ಹೊಲ ತಮ್ಮದಾಗಿ ಉಳಿಯುತ್ತದೆಯೇ?

ಅದು ಅರವತ್ತೇಳರ ಬೇಸಿಗೆ. ಬಂಗಾರಪೇಟೆಯ ಪಕ್ಕದ ಆ ಹಳ್ಳಿಯಲ್ಲಿ ಬಾವಿಗಳ ನೀರು ಇಳಿಯುತ್ತಿತ್ತು. ನೀರನ್ನೆಲ್ಲ ಹೊಂಗೆಯೇ ಕುಡಿಯುತ್ತಿದೆಯೆಂದು ಅವಳಪ್ಪ ಬಚ್ಚಪ್ಪ ಮರ ಕಡಿಸಲು ಹೊರಟಿದ್ದ. ಅದು ತೀರಿಹೋದ ಅಮ್ಮ ನೆಟ್ಟ ಮರ. ಗಂಗರತ್ನ ಅಡ್ಡ ನಿಂತಿದ್ದಳು.

ಅವನು ಹೊಲದಲ್ಲಿದ್ದಷ್ಟು ದಿನವೂ ಅವಳು ಅವನ ಹಿಂದೆಯೇ ಸುತ್ತಿದಳು. ಅವನು ಬಗ್ಗಿದರೆ ಇವಳೂ ಬಗ್ಗಿ ನೋಡುವಳು. ಅವನು ತಲೆಯೆತ್ತಿದರೆ ಸೊಪ್ಪು ಬಿಡಿಸುವವಳಂತೆ ನಟಿಸುವಳು. ಒಮ್ಮೆ ಅವನು ಕೈ ತೊಳೆಯಲು ಹೋದಾಗ ಬಾಟ್ಲಿಯೊಂದರ ಮೇಣ ಕೆರೆದು ಬಿರಡೆ ತೆಗೆದೇಬಿಟ್ಟಳು. ಒಳಗೆ ಬರೀ ಮಣ್ಣು.

"ಚಿನ್ನ ಸಿಕ್ತಾ?" ಬೆನ್ನ ಹಿಂದೆ ಅವನ ದನಿ.

ಅವಳ ಕಿವಿ ಬಿಸಿಯಾಯಿತು. "ನೀವು ಉಡುಕ್ತಿರೋದು ಅದೇ ಅಲ್ವಾ?"

"ನಮ್ಮಪ್ಪ ಗಣಿಯೊಳಗೆ ಇಳೀತಾರೆ. ಚಿನ್ನದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ." ಬಾಟ್ಲಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. "ಇದು ಕೆಟ್ಟುಹೋಯ್ತು, ಗಾಳಿಯಾಡಿದ್ರೆ ಮಣ್ಣಿನ ತೇವ ಹಾರುತ್ತೆ. ನೀರಲ್ಲಿ ಹಗುರದ್ದು, ಭಾರದ್ದು ಅಂತ ಇರುತ್ತೆ. ಬಿಸಿಲಿಗೆ ಹಗುರದ್ದು ಬೇಗ ಹಾರಿಹೋಗುತ್ತೆ. ಮೇಲ್ಮಣ್ಣಲ್ಲಿ ಭಾರದ್ದು ಹೆಚ್ಚು ಉಳಿಯುತ್ತೆ. ಬೇರು ಹಾಗೆ ಆರಿಸಲ್ಲ, ಸಿಕ್ಕಿದ್ದನ್ನ ಹಾಗೇ ಕುಡಿಯುತ್ತೆ. ಮಣ್ಣು, ಕಡ್ಡಿ, ಬಾವಿ ಮೂರರ ನೀರನ್ನೂ ಹೋಲಿಸಿದ್ರೆ, ಬಿಸಿಲು ಒಯ್ದಿದ್ದು ಯಾವುದು, ಗಿಡ ಕುಡಿದಿದ್ದು ಯಾವುದು ಅಂತ ತಿಳಿಯುತ್ತೆ."

"ಈ ಮರದ್ದೂ?"

"ಈ ಮರದ್ದೂ."

"ಅಂಗಾದ್ರೆ ಮರದ್ದೇನೂ ತಪ್ಪಿಲ್ಲ ಅಂತ ಅಪ್ಪನಿಗೆ ಯೋಳ್ಬಿಡಿ."

"ಮೊದಲು ಪರೀಕ್ಷೆ ಆಗಲಿ," ಎಂದ ಅವನು. ಅವಳ ಕೆನ್ನೆಗೆ ಅಂಟಿದ್ದ ಮೇಣದ ಚೂರನ್ನು ಕಂಡು ನಗು ತಡೆದುಕೊಂಡ.

ಫಲಿತಾಂಶ ಬರುವವರೆಗೆ ಕಾಯಲು ಬಚ್ಚಪ್ಪ ಒಪ್ಪಿದ. ಕುಪ್ಪುಸ್ವಾಮಿ ಬೊಂಬಾಯಿಗೆ ಹೋದ. ರಾಗಿ ಬಿತ್ತಿದ್ದಾಯಿತು, ಕಳೆ ಕಿತ್ತಿದ್ದಾಯಿತು. ಸ್ಟೇಷನ್ ಕಡೆಯ ದಾರಿಯಲ್ಲಿ ಬಿಳಿ ಶರ್ಟು ಕಂಡರೆ ಸಾಕು, ಅವಳ ಎದೆ ಹಾರುತ್ತಿತ್ತು. ಹತ್ತಿರ ಬಂದವನು ಬೇರೆ ಯಾರೋ ಆಗಿರುತ್ತಿದ್ದ. ಮಾತಲ್ಲಿ ಮರುಳು ಮಾಡಿ ಹೋದ ಕಳ್ಳ ಎಂದು ಬೈದುಕೊಳ್ಳುತ್ತಿದ್ದಳು.

ಕುಯ್ಲಿನ ಹೊತ್ತಿಗೆ ಅವನು ಬಂದ. ಅವಳತ್ತ ನೋಡದೆ ನೇರವಾಗಿ ಬಚ್ಚಪ್ಪನಿಗೆ ಹೇಳಿದ: "ಕಡ್ಡಿಯ ನೀರಿಗೂ ಬಾವಿಯ ನೀರಿಗೂ ವ್ಯತ್ಯಾಸ ಇಲ್ಲ. ಎಷ್ಟು ಕುಡೀತಿದೆ ಅಂತ ಹೇಳಲಾರೆ. ಆದರೆ ಕುಡೀತಿರೋದು ಅದೇ ನೀರು."

"ನಾನ್ ಯೋಳ್ಲಿಲ್ವಾ?" ಎನ್ನುತ್ತ ಬಚ್ಚಪ್ಪ ಮನೆಯತ್ತ ನಡೆದ.

ಗಂಗರತ್ನಳ ಕಣ್ಣು ತುಂಬಿತು. "ನೀವು ಒಳ್ಳೇದಕ್ಕೆ ಬಂದೋರಲ್ಲ ಅಂತ ಮೊದಲ್ನೇ ದಿನವೇ ಅಂದ್ಕಂಡೆ. ಒಂದು ಸುಳ್ಳು ಯೋಳಿದ್ರೆ ನಿಮ್ಮ ಗಂಟೇನು ಓಗ್ತಿತ್ತು?"

"ರೈಲಲ್ಲಿ ದಾರಿಯುದ್ದಕ್ಕೂ ಆ ಸುಳ್ಳನ್ನೇ ಬಾಯಿಪಾಠ ಮಾಡ್ತಾ ಬಂದೆ."

"ಮತ್ತೆ?"

"ನಿಮಗೆ ಇನ್ನೊಂದು ಮಾತು ಹೇಳೋದಿತ್ತು. ಇದು ಸುಳ್ಳಾಗಿದ್ರೆ ಅದನ್ನ ನೀವು ನಂಬ್ತಿರಲಿಲ್ಲ."

ಕಣ್ಣೊರೆಸುತ್ತಿದ್ದ ಅವಳ ಸೆರಗು ನಿಂತಿತು. "ಯಾವ ಮಾತು?"

ಅವನು ತನ್ನ ಚಪ್ಪಲಿಯನ್ನೇ ನೋಡಿದ. "ನಿಮ್ಮನ್ನ ಮದುವೆ ಆಗಬೇಕು ಅಂತ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕಿದರೂ ಮೋಸ ಸಿಗಲಿಲ್ಲ.

"ಅಪ್ಪ ಒಪ್ಪಲ್ಲ. ಗಣಿ ಕೂಲಿಗಳ ಲೈನಿನೋರು ಅಂತಾನೆ."

"ನೀವು?"

"ನಿಮ್ಮನ್ನ ನಂಬಬಾರ್ದು ಅಂತಾನೇ ಇದ್ದೆ. ಆಗ್ಲಿಲ್ಲ." ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. "ಬನ್ನಿ, ಕೇಳಾಣ."

ಅಂಗಳದಲ್ಲಿ ಕೊಡಲಿ ಮಸೆಯುತ್ತ ಕೂತಿದ್ದ ಬಚ್ಚಪ್ಪ, ಇಬ್ಬರೂ ಒಟ್ಟಿಗೆ ಬರುವುದನ್ನು ಕಂಡು ಕೈ ನಿಲ್ಲಿಸಿದ. ಅನುಮಾನ ಪಡುವ ಸರದಿ ಈಗ ಅವನದಾಗಿತ್ತು.