ಟೀಚರಮ್ಮನ ಬಾಟಲಿಗಳು

ಬಾಟಲಿಗಳನ್ನು ಯಾರೋ ಕೊಂದಿದ್ದರು. ದೂರಿನಲ್ಲಿ ಹಾಗೆಯೇ ಬರೆದಿತ್ತು. ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಈ ಕೆಲಸದಲ್ಲಿ ಹೆಣಗಳನ್ನು ಸಾಕಾಗುವಷ್ಟು ನೋಡಿದ್ದೇನೆ. ಬಾಟಲಿಯ ಹೆಣ ಇದೇ ಮೊದಲು.

ಠಾಣೆಯಲ್ಲಿ ನನ್ನ ಬೆನ್ನ ಹಿಂದೆ ‘ಉಸ್ಸಪ್ಪಾ ಮೇಡಂ’ ಅನ್ನುತ್ತಾರೆ. ಕೂತರೂ ಉಸ್ಸಪ್ಪಾ, ಎದ್ದರೂ ಉಸ್ಸಪ್ಪಾ. ತಪ್ಪೇನಿಲ್ಲ. ಆವತ್ತು ಆಸ್ಪತ್ರೆಯ ಸಂಶೋಧನಾ ವಿಭಾಗದ ಲಿಫ್ಟ್ ಕೆಟ್ಟಿತ್ತು. ಮೊಣಕಾಲು ಹಿಡಿದುಕೊಂಡು ಕೊನೆಯ ಮಹಡಿಯವರೆಗೂ ಹತ್ತಿದೆ.

ಬಾಗಿಲಲ್ಲಿ ಪ್ರಯೋಗಾಲಯದ ಮುಖ್ಯಸ್ಥರು ಕಾಯುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ದೊಡ್ಡ ಡಾಕ್ಟರ್. ಒಳಗೆ ಬೀರುವಿನಂಥ ಪೆಟ್ಟಿಗೆ, ಅದಕ್ಕೊಂದು ಗಾಜಿನ ಬಾಗಿಲು. ಮನುಷ್ಯನ ಮೈಯಷ್ಟೇ ಬಿಸಿಯಲ್ಲಿ ಜೀವಕೋಶಗಳನ್ನು ಸಾಕುವ ಇನ್‌ಕ್ಯುಬೇಟರ್ ಅದು. ಕೆಳಗಿನ ಅರೆಗಳ ಬಾಟಲಿಗಳಲ್ಲಿ ಗುಲಾಬಿ ಬಣ್ಣದ ನೀರಿತ್ತು. ಮೇಲಿನ ಅರೆಯ ಬಾಟಲಿಗಳಲ್ಲಿ ಮಾತ್ರ ಬಣ್ಣ ಸತ್ತ ನೀರು.

“ಬ್ಲೀಚ್ ಸುರಿದಿದ್ದಾರೆ. ಒಂದು ಕೋಶಾನೂ ಉಳಿದಿಲ್ಲ,” ಅಂದರು ಡಾಕ್ಟರ್.

“ಯಾರದ್ದು ಇವು?”

“ಇಲ್ಲೇ ವಾರ್ಡಿನಲ್ಲಿರೋ ಒಬ್ಬ ಲೆಕ್ಕದ ಟೀಚರ್‌ದು. ಅವರ ಮಿದುಳಿನ ಗೆಡ್ಡೆ ತೆಗೆದಾಗ ಚೂರು ತಂದು ಬೆಳೆಸಿದ್ವಿ. ಹೊಸ ಮಾತ್ರೆ ಹಾಕಿ ಪರೀಕ್ಷೆ ಮಾಡಿದ್ವಿ. ಎಲ್ಲ ಕೋಶ ಸತ್ತವು! ಇವತ್ತು ಸಂಜೆ ಅವರಿಗೆ ಅದೇ ಮಾತ್ರೆ ಶುರು.”

“ಮತ್ತೆ ಈ ಬಾಟಲಿಗಳು?”

“ಪರೀಕ್ಷೆಗೆ ಹಾಕದೆ ಉಳಿಸಿಕೊಂಡಿದ್ದವು. ನಾಳೆ ಹೊರಗಿನ ತಜ್ಞರು ಬಂದು ನೋಡೋರಿದ್ರು.”

“ನೋಡಿ ಆದ್ಮೇಲೆ ಮಾತ್ರೆ ಕೊಟ್ರೆ ಆಗಲ್ವಾ?”

“ಅವರಿಗೆ ಕಾಯೋಷ್ಟು ಪುರಸೊತ್ತಿಲ್ಲ ಮೇಡಂ. ಗೆಡ್ಡೆ ಮತ್ತೆ ಬೆಳೀತಿದೆ. ಇನ್ನೊಂದು ಔಷಧಿಯ ಪ್ರಯೋಗಾನೂ ನಡೀತಿದೆ, ಆದ್ರೆ ಇದನ್ನ ಒಂದು ಸಲ ನುಂಗಿದ್ರೆ ಅದಕ್ಕೆ ಸೇರಿಸಿಕೊಳ್ಳಲ್ಲ.”

ಎರಡರಲ್ಲಿ ಟೀಚರ್‌ಗೆ ಸಿಗುವುದು ಒಂದೇ ಅವಕಾಶ, ಅದೂ ಇವತ್ತು ಸಂಜೆಯೇ.

* * *

ಟೀಚರ್ ಗಂಡನ ಮೇಲೆ ಎಲ್ಲರಿಗೂ ಗುಮಾನಿ. ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ಹಿಂದಿನ ದಿನ ಅವನು ಪ್ರಯೋಗಾಲಯಕ್ಕೆ ನುಗ್ಗಿ ಕೂಗಾಡಿದ್ದನ್ನು ಕಾವಲುಗಾರ ಕಂಡಿದ್ದ.

“ಹೋಗಿದ್ದು ನಿಜ. ಬೈಯೋಕೆ ಹೋಗಿದ್ದೆ,” ಅಂದ, ವಾರ್ಡಿನ ಬಾಗಿಲಲ್ಲಿ ನಿಂತು.

“ಯಾರಿಗೆ?”

“ಅವಕ್ಕೇ. ನನ್ನ ಹೆಂಡತಿ ತಲೆ ತಿಂದು ಹಾಕಿ, ಇಲ್ಲಿ ಬೆಚ್ಚಗೆ ಕೂತಿದ್ದೀರಲ್ಲ ಬೇವರ್ಸಿಗಳಾ ಅಂತ ಗಾಜಿನ ಮುಂದೆ ನಿಂತು ಬೈದೆ. ಬಾಗಿಲು ಮುಟ್ಟಿಲ್ಲ ತಾಯಿ.”

ಹಾಸಿಗೆಯಿಂದ ನಗು ಕೇಳಿಸಿತು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸು ದಿಂಬಿಗೆ ಒರಗಿದ್ದಳು.

“ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಒಂದು ದಿನ ಬೈದಿಲ್ಲ ಈ ಮನುಷ್ಯ. ನನ್ನ ಗೆಡ್ಡೆಗೆ ಆ ಭಾಗ್ಯ ನೋಡಿ!” ಆಮೇಲೆ ಮುಖ ಸಪ್ಪಗಾಯಿತು. “ಮೇಡಂ, ಆ ಮಾತ್ರೆ ಕೆಲಸ ಮಾಡುತ್ತೆ ತಾನೇ? ಉತ್ತರ ಹೇಳ್ತಾರೆ, ಹೆಜ್ಜೆಗಳನ್ನ ತೋರಿಸಲ್ಲ. ನಾನು ಅಂಥ ಉತ್ತರಕ್ಕೆ ಮಾರ್ಕ್ಸ್ ಕೊಟ್ಟೋಳಲ್ಲ.”

ನೋಡ್ತೀನಿ ಅಂದೆ. ನಾವು ಪೊಲೀಸರು ಯಾವಾಗಲೂ ಹಾಗೇ ಅನ್ನುವುದು.

* * *

ಮತ್ತೆ ಮೆಟ್ಟಿಲು. ಉಸ್ಸಪ್ಪಾ.

ಕೈಗವಸು ಹಾಕಿಕೊಂಡು ಸತ್ತ ಬಾಟಲಿಯೊಂದನ್ನು ಬೆಳಕಿಗೆ ಹಿಡಿದೆ. ಮುಚ್ಚಳ ಭದ್ರವಾಗಿತ್ತು. ಹೊರಮೈಯಲ್ಲಿ ಬ್ಲೀಚಿನ ಒಂದು ಹನಿಯ ಕಲೆಯೂ ಇಲ್ಲ. ಬಟ್ಟೆಯಿಂದ ಒರೆಸಿದ ಗೆರೆಗಳು ಮಾತ್ರ ಇದ್ದವು.

ಅಲ್ಲೇ ಒಬ್ಬ ಹಿರಿಯ ಸಂಶೋಧಕಿ ಕೂತಿದ್ದಳು. ವಯಸ್ಸು ನಲವತ್ತರ ಆಸುಪಾಸು, ಅತ್ತು ಕೆಂಪಾದ ಕಣ್ಣು. ದೊಡ್ಡ ಡಾಕ್ಟರ್ ಕೂಡ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಟೀಚರ್ ಬಾಟಲಿಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ.

“ಮಕ್ಕಳ ಹಾಗೆ ಸಾಕಿದ್ದೆ ಮೇಡಂ,” ಅಂದಳು. “ತಳದ ತುಂಬ ಹಾಸಿಕೊಂಡು ಎಷ್ಟು ಚೆನ್ನಾಗಿ ಬೆಳೆದಿದ್ದವು ಗೊತ್ತಾ? ಒಂದು ಚೂರು ಜಾಗ ಬಿಟ್ಟಿರಲಿಲ್ಲ.”

ಮಾತಾಡುತ್ತಲೇ ಕೆಳಗಿನ ಅರೆಯ ಬಾಟಲಿಯೊಂದನ್ನು ತೆಗೆದು ನೋಡಿದಳು. ಸ್ಪಿರಿಟ್ ಬಟ್ಟೆಯಿಂದ ಸುತ್ತಲೂ ಒರೆಸಿ, ಹಾಗೇ ಒಳಗಿಟ್ಟಳು.

“ಯಾಕೆ ಒರೆಸಿದ್ರಿ?”

“ಒರೆಸದೆ ಇಟ್ರೆ ಪಕ್ಕದ ಬಾಟಲಿಗಳು ಕೆಡ್ತವೆ. ಇಲ್ಲಿ ಎಲ್ಲರಿಗೂ ಅದು ಅಭ್ಯಾಸ.”

ಹೊರಗಿನವನಾಗಿದ್ದರೆ ಬಾಟಲಿಗಳನ್ನು ಎಸೆದು ಒಡೆಯುತ್ತಿದ್ದ. ಕೊಂದು, ಮುಚ್ಚಳ ಬಿಗಿದು, ಒರೆಸಿ, ಇದ್ದ ಜಾಗದಲ್ಲೇ ಇಡುವವರು ಈ ಪ್ರಯೋಗಾಲಯದವರೇ. ಡ್ರೈವರ್ ಬಚಾವಾದ. ಈಗ ಉಳಿದದ್ದು ಯಾಕೆ ಅನ್ನುವ ಪ್ರಶ್ನೆ.

* * *

ದೊಡ್ಡ ಡಾಕ್ಟರ ಕೋಣೆಯಲ್ಲಿ ಕೇಳಿದೆ, “ಈ ಕೋಶಗಳು ನೋಡೋಕೆ ಹೇಗಿರ್ತವೆ?”

ಅವರ ಮುಖ ಅರಳಿತು. “ಗೆಡ್ಡೆಯಲ್ಲಿ ಎರಡು ಥರದವು ಇರ್ತವೆ. ಮುಕ್ಕಾಲು ಪಾಲು ಬರೀ ಗುಂಪು ತುಂಬೋ ಕೋಶಗಳು. ಔಷಧಿಗೆ ಅವು ಸಾಯ್ತವೆ. ಕೆಲವೇ ಕೆಲವು ಮಾತ್ರ ಕಾಂಡಕೋಶಗಳು, ನಾವು ತಾಯಿಕೋಶ ಅಂತೀವಿ. ಅವು ಘಾಟಿ. ಔಷಧಿ ಬಂದಾಗ ಸುಮ್ಮನೆ ಅಡಗಿ ಕೂತಿದ್ದು, ಆಮೇಲೆ ಮತ್ತೆ ಸಂಸಾರ ಬೆಳೆಸ್ತವೆ. ಅದಕ್ಕೇ ಈ ಗೆಡ್ಡೆ ಎಷ್ಟು ಕತ್ತರಿಸಿದ್ರೂ ವಾಪಸ್ ಬರೋದು. ನಮ್ಮ ಪರೀಕ್ಷೆ ತಾಯಿಕೋಶಗಳ ಮೇಲೆ. ಬಾಟಲಿಯಲ್ಲಿ ಅವು ಪುಟ್ಟ ಪುಟ್ಟ ಉಂಡೆ ಕಟ್ಟಿಕೊಂಡು ತೇಲ್ತವೆ.”

“ತಳಕ್ಕೆ ಅಂಟಲ್ವಾ?”

“ಅಂಟಿದ್ರೆ ಕಥೆ ಮುಗೀತು. ಕರುವಿನ ರಕ್ತದ ಸೀರಮ್ ಹಾಕಿದ್ರೆ ಹಾಗಾಗುತ್ತೆ. ತಳಕ್ಕೆ ಅಂಟಿ, ಹರಡಿ, ದಬದಬ ಬೆಳೀತವೆ, ಆದ್ರೆ ತಾಯಿತನ ಕಳ್ಕೊಳ್ತವೆ. ಯಾವ ಔಷಧಿ ಹಾಕಿದ್ರೂ...”

ಮಾತು ಅಲ್ಲೇ ನಿಂತಿತು.

“ಸಾಯ್ತವೆ,” ಅಂದೆ. “ಟೀಚರ್ ಬಾಟಲಿಗಳನ್ನ ನೀವು ಕಣ್ಣಾರೆ ನೋಡಿದ್ದು ಯಾವಾಗ?”

“ನಾನು... ಗ್ರಾಫ್ ನೋಡ್ತಿದ್ದೆ.”

“ಮೊದಲು ವಾರ್ಡಿಗೆ ಫೋನ್ ಮಾಡಿ. ಮಾತ್ರೆ ನಿಲ್ಲಿಸಿ.”

* * *

ಪ್ರಯೋಗಾಲಯಕ್ಕೆ ಬಂದು ಅಕ್ಕನನ್ನು ಕರೆಸಿದೆವು. ನಾನು ದನಿ ಏರಿಸಲಿಲ್ಲ. ಏರಿಸುವ ತ್ರಾಣವೂ ಇರಲಿಲ್ಲ.

“ತಳದ ತುಂಬ ಹಾಸಿಕೊಂಡಿದ್ದವು ಅಂದ್ರಿ. ನನಗೆ ಗೊತ್ತಾಗಲ್ಲ ಅಂತ ಬಾಯಿಗೆ ಬಂದಿದ್ದು ಹೇಳಿಬಿಟ್ರಿ. ನಾಳೆ ಬರೋ ತಜ್ಞರು ಒಂದೇ ನೋಟಕ್ಕೆ ಕಂಡುಹಿಡೀತಿದ್ರು. ಬ್ಲೀಚ್ ಹಾಕಿದ್ರೆ ಅಂಟಿದ್ದೂ ಕರಗುತ್ತೆ, ತೇಲಿದ್ದೂ ಕರಗುತ್ತೆ. ಹೊರಗಿನವರು ಹಾಗೆ ಒರೆಸಿಡಲ್ಲ. ಒರೆಸೋ ಅಭ್ಯಾಸ ಎಲ್ಲರಿಗೂ ಇದೆ, ಆದ್ರೆ ತಳ ನೋಡಿದೋರು ನೀವೊಬ್ಬರೇ.”

ಅವಳು ಸುಳ್ಳು ಹೇಳಲು ನೋಡಲಿಲ್ಲ.

“ಅವು ಬೆಳೀತಾನೇ ಇರಲಿಲ್ಲ ಮೇಡಂ. ಸೊರಗಿ ಹೋಗಿದ್ದವು. ಅಲ್ಲಿ ಟೀಚರ್‌ಗೆ ದಿನ ಓಡ್ತಿತ್ತು. ಒಂದೇ ಒಂದು ಸಲ, ಚೇತರಿಸಿಕೊಳ್ಳಲಿ ಅಂತ ಸ್ವಲ್ಪ ಸೀರಮ್ ಹಾಕಿದೆ. ಹಸಿದ ಮಗುಗೆ ಹಾಲು ಹಾಕಿದ ಹಾಗೆ. ಚೆನ್ನಾಗಿ ತಿಂದವು. ನಾನು ಕುರುಡಿ, ಇನ್ನೂ ಹಾಕಿದೆ.” ಕೈ ಹಿಸುಕಿಕೊಂಡಳು. “ಪರೀಕ್ಷೆಯಲ್ಲಿ ಎಲ್ಲ ಸತ್ತಾಗ ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಟೀಚರ್ ನನ್ನ ಕೈ ಹಿಡ್ಕೊಂಡು ಅತ್ತರು. ಆಮೇಲೆ ಬಾಯಿ ಬರಲಿಲ್ಲ.”

“ನಿಮಗೆ ಬಾಯಿ ಬರಲಿಲ್ಲ ಅಂತ ಆ ಹೆಂಗಸು ಇವತ್ತು ಸಂಜೆ ಕೆಲಸಕ್ಕೆ ಬಾರದ ಮಾತ್ರೆ ನುಂಗೋಳಿದ್ದಳು,” ಅಂದೆ. ನನಗೆ ಸಿಟ್ಟು ಬಂದಿತ್ತು. ಸೀರಮ್ ಹಾಕಿದ್ದು ತಪ್ಪು ಇರಬಹುದು. ಬ್ಲೀಚ್ ಹಾಕಿದ್ದು ಅಪರಾಧ.

ಅವಳು ತಲೆ ತಗ್ಗಿಸಿಯೇ ಎದ್ದು ಮೂಲೆಯ ದೊಡ್ಡ ಡಬ್ಬಿಯ ಹತ್ತಿರ ಹೋದಳು. ಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ ಡಬ್ಬಿ. ಮುಚ್ಚಳ ತೆಗೆದಾಗ ಬಿಳಿ ಹಬೆ ಎದ್ದಿತು. ಬೇರೆ ರೋಗಿಯ ಗೂಡಿನ ಹಿಂದಿನಿಂದ ಬೆರಳುದ್ದದ ಒಂದು ಸೀಸೆ ಹೊರಬಂತು.

“ಟೀಚರ್‌ದೇ. ಸೀರಮ್ ಹಾಕೋಕೆ ಮುಂಚಿನದ್ದು. ಇದನ್ನೂ ಮುಗಿಸಬೇಕು ಅಂತಲೇ ತೆಗೆದೆ. ಕೈ ಬರಲಿಲ್ಲ, ಇಲ್ಲಿ ಬಚ್ಚಿಟ್ಟೆ.”

* * *

ಅಕ್ಕನ ಮೇಲೆ ಕೇಸು ನಡೆಯುತ್ತಿದೆ. ದೊಡ್ಡ ಡಾಕ್ಟರ್ ಮುಖ್ಯಸ್ಥರ ಕುರ್ಚಿ ಬಿಟ್ಟು ಕೆಳಗಿಳಿದರು. ಈಗ ದಿನಾ ತಾವೇ ಬಾಟಲಿ ನೋಡುತ್ತಾರಂತೆ.

ಆ ಸೀಸೆಯ ಕೋಶಗಳು ಎಚ್ಚೆತ್ತು ಬೆಳೆಯಲು ಕೆಲವು ವಾರ ಹಿಡಿಯಿತು. ಅವುಗಳಿಗೆ ಅದೇ ಮಾತ್ರೆ ಹಾಕಿದರು. ಕೂದಲೂ ಕೊಂಕಲಿಲ್ಲ. ಟೀಚರ್ ಅಷ್ಟರಲ್ಲಿ ಇನ್ನೊಂದು ಔಷಧಿಯ ಪ್ರಯೋಗಕ್ಕೆ ಸೇರಿದ್ದಳು. ಅದರಿಂದ ಗೆಡ್ಡೆ ಹೋಗಲಿಲ್ಲ, ಬೆಳೆಯುವುದು ನಿಧಾನವಾಯಿತು, ಅಷ್ಟೇ.

ತನ್ನ ಕೋಶಗಳನ್ನು ಒಮ್ಮೆ ನೋಡಬೇಕು ಅಂತ ಆಕೆ ಹಟ ಹಿಡಿದಳು. ಲಿಫ್ಟ್ ರಿಪೇರಿಯಾಗಿತ್ತು. ಡ್ರೈವರ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ನಾನೂ ಹೋಗಿದ್ದೆ, ಯಾರೂ ಕರೆದಿರಲಿಲ್ಲ.

ಆಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಕೂತಳು. ಗಂಡ ಗಾಬರಿಯಿಂದ ಭುಜ ಮುಟ್ಟಿದ.

“ಏನೇ? ಹೇಗಿವೆ?”

“ಉಂಡುಂಡೆಯಾಗಿ ತೇಲ್ತಿವೆ ಕಣ್ರೀ.” ಕಣ್ಣು ತೆಗೆಯಲಿಲ್ಲ. “ಎಷ್ಟು ಚೆಂದ ಇವೆ, ಹಾಳಾದವು.”

ಆಮೇಲೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

“ಬನ್ನಿ. ಈಗ ಎದುರಿಗೇ ಇವೆ. ಬೈದುಬಿಡಿ.”

ಅವನು ಬಗ್ಗಿ ನೋಡಿದ. ಬಾಯಿ ತೆರೆದ. ಒಂದು ಮಾತೂ ಹೊರಡಲಿಲ್ಲ.